ಎಂಟನೆಯ ಗ್ರೇಡಿನ ನಂತರ

ನಮ್ಮ ಬಳಗದ ಮನೆಗಳಲ್ಲಿ ಸಂಗೀತಕ್ಕೆ ಕೊರತೆಯಿಲ್ಲ. ಶನಿವಾರ ಪಿಯಾನೊ, ಭಾನುವಾರ ಕರ್ನಾಟಕ ಸಂಗೀತ. ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಊರಿಂದೂರಿಗೆ ಓಡಾಡುವ ತಂದೆತಾಯಿಯರ ಶ್ರದ್ಧೆ ನಿಜಕ್ಕೂ ದೊಡ್ಡದು. ಆದರೆ ಆ ಶ್ರದ್ಧೆಗೊಂದು ಗಡಿಯಿದೆ. ಆರನೆಯ ಗ್ರೇಡಿನಿಂದ ಮೇಲೆ ಯುಕಾಸ್ ಅಂಕಗಳು ದೊರೆಯುತ್ತವೆ, ಎಂಟನೆಯದು ಮುಗಿದರೆ ಪ್ರಮಾಣಪತ್ರ ಗೋಡೆಯೇರುತ್ತದೆ, ಅದರೊಂದಿಗೆ ಎಷ್ಟೋ ಮನೆಗಳಲ್ಲಿ ಪಿಯಾನೊದ ಮುಚ್ಚಳವೂ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಇದನ್ನು ಯಾರೂ ನಷ್ಟವೆಂದು ಎಣಿಸುವುದಿಲ್ಲ. ಆದರೆ ಅದೇ ಮಗಳು ಮುಚ್ಚಳ ತೆರೆದಿಟ್ಟು, ಗೆಳೆಯರೊಡನೆ ಗ್ಯಾರೇಜಿನಲ್ಲಿ ರಾಕ್ ನುಡಿಸತೊಡಗಿದಳೆನ್ನಿ. ಹತ್ತು ವರ್ಷ ಕಲಿತದ್ದೆಲ್ಲ ನೀರಿನಲ್ಲಿ ಹೋಮವಾಯಿತೆಂಬ ಉದ್ಗಾರ ಕೇಳಿಬರುತ್ತದೆ. ನನಗೆ ತೋರುವುದು ಇದಕ್ಕೆ ತದ್ವಿರುದ್ಧ. ಆ ವಿದ್ಯೆಯನ್ನು ಬಿಡದೆ ಉಳಿಸಿಕೊಂಡವಳು ಅವಳೇ.

ಇದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ಅನೇಕ ಕುಟುಂಬಗಳು ದೀಪಾವಳಿಯ ದೀಪಾಲಂಕಾರ ನೋಡಲು ಹೋಗುವ ಲೆಸ್ಟರ್ ನಗರದಲ್ಲಿ 1941ರಲ್ಲಿ ಜಾನ್ ಲಾರ್ಡ್ ಜನಿಸಿದರು. ಎಳವೆಯಲ್ಲಿಯೇ ಶಾಸ್ತ್ರೀಯ ಪಿಯಾನೊ ಪಾಠ ಆರಂಭವಾಯಿತು. ಬಾಖ್ ಅವರ ಬೆರಳುಗಳಲ್ಲಿ ನೆಲೆಸಿದ. ಮುಂದೆ ವಕೀಲರ ಕಚೇರಿಯಲ್ಲಿ ಗುಮಾಸ್ತರಾದರು. ನಟನೆ ಕಲಿಯಲೆಂದು ಲಂಡನ್ನಿಗೆ ಹೋದರು. ಅಲ್ಲಿ ಜಾಝ್ ಮತ್ತು ಬ್ಲೂಸ್ ತಂಡಗಳಲ್ಲಿ ನುಡಿಸತೊಡಗಿದರು. 1968ರಲ್ಲಿ ಡೀಪ್ ಪರ್ಪಲ್ ತಂಡದ ಸ್ಥಾಪಕರಲ್ಲೊಬ್ಬರಾದರು. ಬೆಂಗಳೂರು, ಮೈಸೂರುಗಳ ವಿದ್ಯಾರ್ಥಿನಿಲಯಗಳಲ್ಲಿ ಗಿಟಾರ್ ಹಿಡಿದವರೆಲ್ಲ ಮೊದಲು ತಡಕಾಡುತ್ತಿದ್ದ ‘ಸ್ಮೋಕ್ ಆನ್ ದ ವಾಟರ್’ ಈ ತಂಡದ್ದೇ ಎಂದರೆ, ನನ್ನ ವಯಸ್ಸಿನವರಿಗೆ ಬೇರೆ ಪರಿಚಯ ಬೇಕಾಗಲಾರದು.

ಅಲ್ಲಿ ಅವರ ವಾದ್ಯ ಹ್ಯಾಮಂಡ್ ಆರ್ಗನ್. ಪಿಯಾನೊ ಕಲಿತವರಿಗೆ ಇದು ಸುಲಭದ ದಾಟುವಿಕೆಯಲ್ಲ. ಪಿಯಾನೊದಲ್ಲಿ ನಾದದ ಏರಿಳಿತವೆಲ್ಲ ಬೆರಳಿನ ಒತ್ತಡದಲ್ಲಿದೆ. ಹ್ಯಾಮಂಡಿನ ಕೀಲಿಯನ್ನು ಮೆಲ್ಲಗೆ ಒತ್ತಿದರೂ ಬಲವಾಗಿ ಒತ್ತಿದರೂ ಧ್ವನಿ ಒಂದೇ. ಅದನ್ನು ಏರಿಸಿ ಇಳಿಸಬೇಕಾದದ್ದು ಕಾಲಿನ ಪೆಡಲಿನಿಂದ. ವರ್ಷಗಳ ಕಾಲ ಕೈ ಕಲಿತದ್ದನ್ನು ಕಾಲಿಗೆ ಕಲಿಸಬೇಕು. ಮೇಲಾಗಿ ಪಕ್ಕದಲ್ಲಿ ಅಬ್ಬರಿಸುವ ಗಿಟಾರ್. ಅದರೆದುರು ಕೇಳಿಸಬೇಕೆಂದು ಲಾರ್ಡ್ ತಮ್ಮ ಆರ್ಗನ್ನನ್ನು ಗಿಟಾರಿನವರ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿ, ಗುಡುಗಿನಂಥ ಹೊಸದೊಂದು ನಾದವನ್ನೇ ಪಡೆದರು. ಮೈಸೂರು ಚೌಡಯ್ಯನವರು ಪಿಟೀಲಿಗೆ ಏಳು ತಂತಿಗಳನ್ನು ಕಟ್ಟಿದ್ದು ಸಹ, ಧ್ವನಿವರ್ಧಕವಿಲ್ಲದ ಕಾಲದಲ್ಲಿ ದೊಡ್ಡ ಸಭೆಯ ಕೊನೆಯ ಸಾಲಿಗೂ ಕೇಳಿಸಲೆಂದೇ ಅಲ್ಲವೇ? ಅಂದು ಅದನ್ನು ಕಂಡು ಹುಬ್ಬೇರಿಸಿದವರು ಇರಲೇಬೇಕು. ಆ ಪಿಟೀಲೂ ಯುರೋಪಿನಿಂದ ಬಂದು ನಮ್ಮದಾದ ವಾದ್ಯವೇ.

1972ರ ‘ಹೈವೇ ಸ್ಟಾರ್’ ಗೀತೆಯ ಆರ್ಗನ್ ಭಾಗವನ್ನು ಗಮನವಿಟ್ಟು ಕೇಳಿದವರಿಗೆ ಅದರ ಸ್ವರಸಂಚಾರದ ಅಡಿಯಲ್ಲಿ ಬಾಖ್ ನಡೆಯುತ್ತಿರುವುದು ತಿಳಿಯುತ್ತದೆ. ಆದರೆ ಆ ಶಿಕ್ಷಣದ ನಿಜವಾದ ಪರೀಕ್ಷೆ ಅದಕ್ಕೂ ಮುನ್ನ, 1969ರ ಸೆಪ್ಟೆಂಬರ್ 24ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆದಿತ್ತು. ರಾಕ್ ತಂಡವನ್ನೂ ರಾಯಲ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾವನ್ನೂ ಒಂದೇ ವೇದಿಕೆಯಲ್ಲಿ ಕೂಡಿಸಿದ ಮೂರು ಭಾಗಗಳ ಕನ್ಸರ್ಟೊ ಒಂದನ್ನು ಲಾರ್ಡ್ ರಚಿಸಿದ್ದರು. ಆರ್ಕೆಸ್ಟ್ರಾದ ಪ್ರತಿಯೊಂದು ವಾದ್ಯಕ್ಕೂ ಸ್ವರಲಿಪಿ ಬರೆಯುವುದು ಕೇವಲ ಹುಮ್ಮಸ್ಸಿನಿಂದ ಆಗುವ ಕೆಲಸವಲ್ಲ. ಅಭ್ಯಾಸದ ವೇಳೆ ವಾದಕರಲ್ಲಿ ಕೆಲವರು ಉದಾಸೀನ ತೋರಿದಾಗ ನಿರ್ದೇಶಕ ಮಾಲ್ಕಮ್ ಆರ್ನಾಲ್ಡ್ ಅವರನ್ನೇ ಗದರಿಸಿ, ಈ ಉದ್ದಗೂದಲಿನ ಹುಡುಗರ ಪರವಾಗಿ ನಿಂತರು.

ಇದೇ ಸಭಾಂಗಣಕ್ಕೂ ನಮ್ಮ ನಾಡಿಗೂ ಒಂದು ನಂಟಿದೆ. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು ಮೊಟ್ಟಮೊದಲು ಮೊಳಗಿದ್ದು ಇಲ್ಲಿಯೇ. ಆ ಪ್ರಯೋಗದ ಖರ್ಚಿಗೆ ಹೊಣೆ ನಿಂತವರು ಮೈಸೂರಿನ ಜಯಚಾಮರಾಜ ಒಡೆಯರ್. ಪಿಯಾನೊವನ್ನು ಗಂಭೀರವಾಗಿ ಅಭ್ಯಸಿಸಿದ್ದ ಅವರು ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದವರು. ಒಂದು ಸಂಗೀತಕ್ಕೆ ಕಿವಿಗೊಟ್ಟರೆ ಮತ್ತೊಂದು ಕೆಡುತ್ತದೆಂಬ ಆತಂಕ ಅರಮನೆಗೆ ಇರಲಿಲ್ಲ. ನಮಗೇಕೆ ಅಂಟಿಕೊಂಡಿತೋ ತಿಳಿಯದು.

ಕನ್ಸರ್ಟೊದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆರ್ಕೆಸ್ಟ್ರಾದೊಡನೆ ನುಡಿಸುವ ತಂಡವೆಂದು ಹೆಸರಾಗುವುದು ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್ ಅವರಿಗೆ ಬೇಕಿರಲಿಲ್ಲ; ತಂಡ ಬಿರುಸಾದ ರಾಕ್ ಕಡೆಗೆ ಹೊರಳಿತು, ಲಾರ್ಡ್ ಅದಕ್ಕೂ ಹೊಂದಿಕೊಂಡರು. ಕನ್ಸರ್ಟೊದ ಸ್ವರಲಿಪಿಯಂತೂ 1970ರಲ್ಲಿ ಕಳೆದೇಹೋಯಿತು. ದಶಕಗಳ ನಂತರ ಡಚ್ ಸಂಗೀತಗಾರ ಮಾರ್ಕೊ ಡಿ ಹೂಯ್ ಹಳೆಯ ಧ್ವನಿಮುದ್ರಣವನ್ನು ಮತ್ತೆ ಮತ್ತೆ ಆಲಿಸಿ, ಚಿತ್ರಮುದ್ರಿಕೆಯನ್ನು ನೋಡಿ ಅದನ್ನು ಪುನಃ ಬರೆಯತೊಡಗಿದರು, ಲಾರ್ಡ್ ಕೈಗೂಡಿಸಿದರು. 1999ರಲ್ಲಿ, ಮೂವತ್ತು ವರ್ಷಗಳ ಬಳಿಕ, ಅದು ಅದೇ ಸಭಾಂಗಣದಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾದೊಂದಿಗೆ ಮತ್ತೊಮ್ಮೆ ಮೊಳಗಿತು. ಕಳೆದುಹೋದ ಸಂಗೀತವನ್ನು ಬರಿಯ ಕಿವಿಯಿಂದ ಕಾಗದಕ್ಕಿಳಿಸುವ ಸಾಮರ್ಥ್ಯ ಎಲ್ಲಿಂದ ಬರುತ್ತದೆ? ಮಕ್ಕಳು ಗೊಣಗುತ್ತಲೇ ಮಾಡುವ ಆ ಶ್ರವಣಾಭ್ಯಾಸದಿಂದಲೇ. 2002ರಲ್ಲಿ ತಂಡವನ್ನು ಬಿಟ್ಟ ಲಾರ್ಡ್, 2012ರಲ್ಲಿ ತೀರಿಕೊಳ್ಳುವವರೆಗೂ ಆರ್ಕೆಸ್ಟ್ರಾಗಳಿಗಾಗಿ ಬರೆಯುತ್ತಿದ್ದರು.

ಇಷ್ಟು ಹೇಳಿದ ಮಾತ್ರಕ್ಕೆ ಮಕ್ಕಳನ್ನೆಲ್ಲ ಓದು ಬಿಡಿಸಿ ವೇದಿಕೆಗೆ ಕಳುಹಿಸಿರೆಂದು ನಾನು ವಾದಿಸುತ್ತಿಲ್ಲ. ಲಾರ್ಡ್ ಅವರ ದಾರಿಯಲ್ಲಿ ಹೊರಟು ಬಾಡಿಗೆಗೂ ಹಣವಿಲ್ಲದೆ ಮರಳಿದವರ ಹೆಸರು ಯಾರಿಗೂ ನೆನಪಿಲ್ಲ. ಗುರುಗಳ ಕಳವಳದಲ್ಲಿಯೂ ಹುರುಳಿದೆ: ಕಿರುಚಿ ಹಾಡಿದ ಗಂಟಲು ಆಲಾಪನೆಗೆ ಸುಲಭವಾಗಿ ಒಲಿಯುವುದಿಲ್ಲ. ವೈದ್ಯನಾಗಿ ನನಗೆ ಗಂಟಲಿಗಿಂತ ಕಿವಿಯ ಚಿಂತೆ ಹೆಚ್ಚು. 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ಸಹಿಸಬಹುದೆಂದು ಲೆಕ್ಕ ಹಿಡಿದರೆ, ಪ್ರತಿ 3 ಡೆಸಿಬೆಲ್ ಏರಿಕೆಗೂ ಆ ಅವಧಿ ಅರ್ಧವಾಗುತ್ತದೆ; 100 ಡೆಸಿಬೆಲ್‌ನಲ್ಲಿ ಉಳಿಯುವುದು ಹದಿನೈದೇ ನಿಮಿಷ. ಡೀಪ್ ಪರ್ಪಲ್ ತಂಡವಂತೂ 117 ಡೆಸಿಬೆಲ್ ಸದ್ದಿಗಾಗಿ ಗಿನ್ನೆಸ್ ಪುಸ್ತಕ ಸೇರಿತ್ತು! ಒಳಕಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮಗ ರಾಕ್ ನುಡಿಸುವನೆಂದು ಜಗಳವಾಡುವ ತಂದೆ ಆ ಶಕ್ತಿಯನ್ನು ಒಂದು ಜೊತೆ ಒಳ್ಳೆಯ ಕರ್ಣರಕ್ಷಕ ಕೊಡಿಸುವುದಕ್ಕೆ ವ್ಯಯಿಸಲಿ.

ಬಳಗದ ಸಾಂಸ್ಕೃತಿಕ ಸಮಿತಿಗೆ ನನ್ನದೊಂದು ವಿನಂತಿಯಿದೆ. ನಮ್ಮ ದೀಪಾವಳಿಯ ವೇದಿಕೆಯಲ್ಲಿ ಪುಟ್ಟ ಮಕ್ಕಳ ದೇವರನಾಮಗಳಿವೆ, ಹಿರಿಯರ ಭಾವಗೀತೆಗಳಿವೆ. ಹದಿನಾಲ್ಕರಿಂದ ಹದಿನೆಂಟರವರೆಗಿನವರು ಮಾತ್ರ ಹಿಂದಿನ ಸಾಲಿನಲ್ಲಿ ಫೋನ್ ಹಿಡಿದು ಕುಳಿತಿರುತ್ತಾರೆ. ಈ ವರ್ಷ ಅವರಿಗೆ ಇಪ್ಪತ್ತು ನಿಮಿಷ ಕೊಡೋಣ. ಹಾಡನ್ನು ಅವರೇ ಆರಿಸಲಿ. ಕನ್ನಡದ್ದೊಂದು ಇರಲೇಬೇಕೆಂಬ ಷರತ್ತು ಬೇಕಿದ್ದರೆ ಇರಲಿ, ಅದನ್ನು ಹೇಗೆ ನುಡಿಸಬೇಕೆಂಬ ಷರತ್ತು ಬೇಡ. ಡ್ರಮ್ ಸೆಟ್ ಸಾಗಿಸಲು ದೊಡ್ಡ ಕಾರಿರುವವರು ಯಾರಾದರೂ ಮುಂದೆ ಬರಲಿ. ಬಾಗಿಲಲ್ಲಿ ನಿಂತು ಹಿರಿಯರಿಗೆಲ್ಲ ಕರ್ಣರಕ್ಷಕ ಹಂಚುವ ಕೆಲಸ ನನಗಿರಲಿ.