ಗೊಂಬೆ ಕೊಳ್ಳುವವರಷ್ಟೇ ನಾವು?

ನಮ್ಮ ತರಗತಿಯ ಬ್ಯಾಗುಗಳನ್ನು ಒಮ್ಮೆ ನೋಡಿ. ಒಬ್ಬರ ಬ್ಯಾಗಿಗೆ ಸ್ಪೈಡರ್‌ಮ್ಯಾನ್ ಕೀ ಚೈನ್, ಇನ್ನೊಬ್ಬರ ಕಂಪಾಸ್ ಬಾಕ್ಸಿನಲ್ಲಿ ಬೆರಳುದ್ದದ ಐರನ್‌ಮ್ಯಾನ್. ಜಾತ್ರೆಯಲ್ಲಿ, ಉರುಸಿನಲ್ಲಿ, ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಇವನ್ನು ಕೊಳ್ಳುತ್ತೇವೆ. ಇವನ್ನು ಮೊದಲು ಯಾರು ಮಾಡಿದರು ಎಂದು ಮಾತ್ರ ಕೇಳುವುದಿಲ್ಲ. ಅಚ್ಚಿನಿಂದ ಲಕ್ಷಗಟ್ಟಲೆ ಹೊರಬರುವ ಗೊಂಬೆಗೂ ಮೊದಲ ಮಾದರಿ ಒಂದು ಇರಲೇಬೇಕು. ಯಾರೋ ಒಬ್ಬರು ತಂತಿ ಬಗ್ಗಿಸಿ, ಅದರ ಮೇಲೆ ಜೇಡಿ ಅಥವಾ ಮೇಣ ಮೆತ್ತಿ, ಮುಖ ತಿದ್ದಿ ಅದನ್ನು ಮಾಡಿರುತ್ತಾರೆ. ಈಗ ಅದೇ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡಿ ತ್ರೀಡಿ ಪ್ರಿಂಟರಿನಲ್ಲಿ ತೆಗೆಯುವವರೂ ಇದ್ದಾರೆ. ಅವರಿಗೂ ಭುಜ ಹೇಗೆ ತಿರುಗುತ್ತದೆ, ಮೊಣಕಾಲು ಹೇಗೆ ಮಡಚುತ್ತದೆ ಎಂಬುದು ಗೊತ್ತಿರಬೇಕು. ಈ ಕೈಕೆಲಸವನ್ನು ನಾವೂ ಕಲಿಯಬೇಕು, ಅದಕ್ಕೆ ನಮ್ಮ ಕಾಲೇಜಿನಲ್ಲಿ ಸ್ವಲ್ಪ ಜಾಗ ಸಿಗಬೇಕು ಎಂಬುದು ನನ್ನ ಅಭಿಪ್ರಾಯ.

ಕಾಮರ್ಸ್ ಓದುವವನಿಗೆ ಇದೆಲ್ಲ ಯಾಕೆ ಎಂದು ಕೆಲವರು ಕೇಳಿದ್ದಾರೆ. ಇದರಲ್ಲಿ ಕಾಮರ್ಸ್ ಬೇಕಾದಷ್ಟಿದೆ. ‘ಆ್ಯಕ್ಷನ್ ಫಿಗರ್’ ಎಂಬ ಹೆಸರು ಹುಟ್ಟಿದ್ದೇ ಮಾರಾಟಕ್ಕಾಗಿ. 1964ರಲ್ಲಿ ಅಮೆರಿಕದ ಹ್ಯಾಸ್‌ಬ್ರೋ ಕಂಪನಿ ಜಿ.ಐ. ಜೋ ಎಂಬ ಸೈನಿಕನ ಗೊಂಬೆ ತಂದಿತು. ಗೊಂಬೆ ಎಂದರೆ ಹುಡುಗರು ಮುಟ್ಟುವುದಿಲ್ಲ ಎಂದು ಅದಕ್ಕೆ ಹೊಸ ಹೆಸರು ಕೊಟ್ಟರು. 1977ರಲ್ಲಿ ‘ಸ್ಟಾರ್ ವಾರ್ಸ್’ ಸಿನಿಮಾ ಗೆದ್ದಾಗ ಕೆನ್ನರ್ ಕಂಪನಿಯ ಗೊಂಬೆಗಳು ಇನ್ನೂ ತಯಾರಾಗಿರಲಿಲ್ಲ. ಆ ಕ್ರಿಸ್‌ಮಸ್‌ಗೆ ಅವರು ಗೊಂಬೆಯಿಲ್ಲದ ಪೆಟ್ಟಿಗೆಯನ್ನು ಮಾರಿದರು. ಒಳಗೆ ಒಂದು ಕೂಪನ್ ಇತ್ತು. ಗೊಂಬೆಗಳು ಮರುವರ್ಷ ಅಂಚೆಯಲ್ಲಿ ಬಂದವು. ಬ್ರ್ಯಾಂಡಿಂಗ್, ಮುಂಗಡ ಮಾರಾಟ ಎಂಬ ಪಾಠಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಹೆಸರು ಹೊಸದಾದರೂ ವಸ್ತು ಹಳೆಯದು. ನಮ್ಮ ಕರ್ನಾಟಕದಲ್ಲೇ ಟಿಪ್ಪು ಸುಲ್ತಾನರ ಹುಲಿ ಇತ್ತು. ಮರದ ಹುಲಿಯೊಂದು ಬಿಳಿಯ ಸೈನಿಕನ ಮೇಲೆ ಎರಗಿದೆ. ಹಿಡಿಕೆ ತಿರುಗಿಸಿದರೆ ಸೈನಿಕನ ಕೈ ಮೇಲೇಳುತ್ತದೆ, ಹುಲಿ ಗುರುಗುಟ್ಟುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಅದನ್ನು ಒಯ್ದರು. ಇಂದು ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಕಲ್ಯಾಣ ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲೇ ಕಿನ್ನಾಳ ಇದೆ. ಅಲ್ಲಿನ ಚಿತ್ರಗಾರ ಮನೆತನದವರು ಹಗುರ ಮರವನ್ನು ಕೆತ್ತಿ, ಸಂದುಗಳಿಗೆ ಹುಣಸೆ ಬೀಜದ ಅಂಟು ಮತ್ತು ಮರದ ಹೊಟ್ಟು ತುಂಬಿ, ಮೇಲೆ ಬಣ್ಣ ಹಚ್ಚುತ್ತಾರೆ. ಅದೇ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ 2021ರಲ್ಲಿ ಅಡಿಗಲ್ಲು ಹಾಕಲಾಯಿತು. ಕೇಂದ್ರ ಸರ್ಕಾರ ವಿದೇಶಿ ಆಟಿಕೆಗಳ ಮೇಲಿನ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಿದೆ. ಅಂದರೆ ಆಟಿಕೆ ಇಲ್ಲೇ ತಯಾರಾಗಲಿ ಎಂಬುದು ಸರ್ಕಾರದ ಇಚ್ಛೆ. ಆ ಕಾರ್ಖಾನೆಗಳಿಗೆ ಯಂತ್ರ ನಡೆಸುವವರು ಮಾತ್ರ ಸಾಲದು, ಮೊದಲ ಮಾದರಿ ಮಾಡುವವರೂ ಬೇಕು. ನಮ್ಮ ಜಿಲ್ಲೆಯ ಹುಡುಗ ಹುಡುಗಿಯರು ಆ ಕೆಲಸಕ್ಕೆ ಯಾಕೆ ಹೋಗಬಾರದು?

ಈಗ ನಮ್ಮಲ್ಲಿ ಹಲವರ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರುತ್ತೇನೆ. ಜೀವಿಗಳ ರೂಪ ಮಾಡುವುದು ನಮ್ಮ ದೀನಿನಲ್ಲಿ ಸರಿಯೇ? ಇದು ನನ್ನ ಮನೆಯಲ್ಲೂ ಎದ್ದ ಪ್ರಶ್ನೆ. ಚಿಕ್ಕಂದಿನಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಓಣಿಯ ಗೆಳೆಯರು ಎತ್ತು ಮಾಡುತ್ತಿದ್ದರು. ಉಳಿದ ಮಣ್ಣಿನಲ್ಲಿ ನಾನು ಕುದುರೆ ಮಾಡುತ್ತಿದ್ದೆ. ಆಗ ಯಾರೂ ಏನೂ ಅನ್ನಲಿಲ್ಲ. ಹೋದ ವರ್ಷ ತಂತಿ ಮತ್ತು ಎಂ-ಸೀಲ್‌ನಿಂದ ಕತ್ತಿ ಹಿಡಿದ ಸವಾರನನ್ನು ಮಾಡಿ ಶೋಕೇಸಿನಲ್ಲಿ ಇಟ್ಟಾಗ ದಾದಿ ಬೇಸರಪಟ್ಟರು. “ಬೇಟಾ, ಇದು ನಿಂತಿರುವ ಕೋಣೆಯಲ್ಲಿ ನಾನು ನಮಾಜ್ ಹೇಗೆ ಮಾಡಲಿ?” ಎಂದರು. ನಾನು ಅದನ್ನು ತೆಗೆದು ಪೆಟ್ಟಿಗೆಯಲ್ಲಿ ಇಟ್ಟೆ. ಸುಳ್ಳೇಕೆ, ಆ ರಾತ್ರಿ ನನಗೆ ಅಳು ಬಂತು.

ಆಮೇಲೆ ತಿಳಿದವರನ್ನು ಕೇಳಿದೆ. ಹಝ್ರತ್ ಆಯಿಶಾ(ರ) ಅವರ ಆಟಿಕೆಗಳ ನಡುವೆ ಬಟ್ಟೆಯ ರೆಕ್ಕೆಗಳಿದ್ದ ಒಂದು ಕುದುರೆ ಇತ್ತು. ಕುದುರೆಗೆ ರೆಕ್ಕೆಯೇ ಎಂದು ಪ್ರವಾದಿ(ಸ) ಕೇಳಿದರು. ಸುಲೈಮಾನ್(ಅ) ಅವರ ಕುದುರೆಗಳಿಗೆ ರೆಕ್ಕೆ ಇದ್ದುದನ್ನು ನೀವು ಕೇಳಿಲ್ಲವೇ ಎಂದು ಅವರು ಉತ್ತರಿಸಿದಾಗ ಪ್ರವಾದಿ(ಸ) ನಕ್ಕುಬಿಟ್ಟರು. ಇದು ಅಬೂ ದಾವೂದ್ ಸಂಗ್ರಹದ ಹದೀಸ್‌ನಲ್ಲಿದೆ. ಬುಖಾರಿಯಲ್ಲಿ ಇನ್ನೊಂದು ಪ್ರಸಂಗವಿದೆ. ಚಿತ್ರ ಮಾಡಿಯೇ ಹೊಟ್ಟೆ ಹೊರೆಯುತ್ತಿದ್ದ ಒಬ್ಬನು ಇಬ್ನ್ ಅಬ್ಬಾಸ್(ರ) ಅವರ ಬಳಿ ಬಂದ. ಅವರು ಕಠಿಣ ಎಚ್ಚರಿಕೆಯನ್ನು ಮುಚ್ಚಿಡದೆ ಹೇಳಿದರು. ಆದರೆ ಅವನನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಮರಗಳನ್ನು, ಜೀವವಿಲ್ಲದ ವಸ್ತುಗಳನ್ನು ಮಾಡು ಎಂದು ದಾರಿ ತೋರಿಸಿದರು.

ಫತ್ವಾ ಕೊಡುವಷ್ಟು ಓದಿದವನು ನಾನಲ್ಲ. ಮಕ್ಕಳ ಆಟಿಕೆಗೆ ಅನೇಕ ಉಲಮಾಗಳು ಅವಕಾಶ ಕೊಟ್ಟಿದ್ದಾರೆ, ಒಪ್ಪದವರೂ ಇದ್ದಾರೆ. ನನಗೆ ಅರ್ಥವಾದದ್ದು ಇಷ್ಟು: ಈ ಪ್ರಶ್ನೆಯನ್ನು ಕುಳಿತು ಮಾತನಾಡಿ ತೀರ್ಮಾನಿಸಬೇಕು, ಅದನ್ನು ನೆಪ ಮಾಡಿ ಕೈಕೆಲಸವನ್ನೇ ಬಿಡಬಾರದು. ನಮ್ಮ ಮನೆಯಲ್ಲಿ ಹಾಗೆಯೇ ಆಯಿತು. ತಮ್ಮನು ಆಡುವುದಕ್ಕಾದರೆ ಸರಿ, ಶೋಕೇಸಿನಲ್ಲಿ ನಿಲ್ಲಿಸುವುದು ಬೇಡ ಎಂದು ದಾದಿ ಒಪ್ಪಿದರು. ಈಗ ಸವಾರನ ಕತ್ತಿ ಮುರಿದಿದೆ, ತಮ್ಮನು ಖುಷಿಯಾಗಿದ್ದಾನೆ. ಮನಸ್ಸು ಒಪ್ಪದವರು ಯಾದಗಿರಿಯ ಬೆಟ್ಟದ ಕೋಟೆಯನ್ನು, ತೋಪನ್ನು, ಬಂಡಿಯನ್ನು, ರಾಕೆಟ್ಟನ್ನು ಮಾಡಲಿ. ಒಪ್ಪುವವರು 1858ರಲ್ಲಿ ಬ್ರಿಟಿಷರಿಗೆ ಎದುರು ನಿಂತ ಸುರಪುರದ ರಾಜಾ ವೆಂಕಟಪ್ಪ ನಾಯಕರನ್ನು ಕುದುರೆಯ ಮೇಲೆ ಕೂರಿಸಲಿ. ನ್ಯೂಯಾರ್ಕಿನ ಸ್ಪೈಡರ್‌ಮ್ಯಾನ್ ಶಹಾಪುರದ ಅಂಗಡಿಗೆ ಬರುತ್ತಾನೆ, ಸುರಪುರದ ನಾಯಕರು ಬರುವುದಿಲ್ಲ. ಇದು ಅಂಗಡಿಯವರ ತಪ್ಪಲ್ಲ, ನಾವು ಯಾರೂ ಮಾಡಿಲ್ಲ.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಂದು ರಬ್ಬರ್ ಅಚ್ಚಿಗೆ 1,000 ರೂಪಾಯಿ ಬಿತ್ತು ಎಂದಿಟ್ಟುಕೊಳ್ಳಿ. 10 ಗೊಂಬೆ ತೆಗೆದರೆ ಒಂದೊಂದರ ಮೇಲೆ ಅಚ್ಚಿನ ಖರ್ಚು 100 ರೂಪಾಯಿ. 50 ತೆಗೆದರೆ 20 ರೂಪಾಯಿ. ಸ್ಥಿರ ವೆಚ್ಚ ಎಂದು ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದು ಇದೇ. ಕೈಯಲ್ಲಿ ಮಾಡಿ ನೋಡಿದರೆ ಪರೀಕ್ಷೆಯಲ್ಲೂ ಮರೆಯುವುದಿಲ್ಲ.

ಆದ್ದರಿಂದ ನಮ್ಮ ಪ್ರಾಂಶುಪಾಲರಲ್ಲಿ, ಗುರುಗಳಲ್ಲಿ ಒಂದು ವಿನಂತಿ. ತಿಂಗಳಿಗೆ ಒಂದು ಶನಿವಾರ, ಕೊನೆಯ ಒಂದು ಗಂಟೆ ಕೊಡಿ. ಕುಂಬಾರರ ಮನೆಯಿಂದ ಮಣ್ಣು ನಾವೇ ತರುತ್ತೇವೆ, ಹಾಲ್ ಕೂಡ ನಾವೇ ಗುಡಿಸುತ್ತೇವೆ. ಒಂದು ದಿನ ಕಿನ್ನಾಳದ ಕುಶಲಕರ್ಮಿಯೊಬ್ಬರನ್ನು ಕರೆಸಿ. ವಾರ್ಷಿಕೋತ್ಸವದಲ್ಲಿ ಒಂದು ಟೇಬಲ್ ಕೊಡಿ. ಮಾಡಿದ್ದನ್ನು ಮಾರಿ, ಲಾಭ ನಷ್ಟದ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಚ್ಚುತ್ತೇವೆ. ನಷ್ಟವಾದರೂ ಹಚ್ಚುತ್ತೇವೆ.

ಗೆಳೆಯರೇ, ಮೊದಲ ಗೊಂಬೆ ಚೆನ್ನಾಗಿ ಬರುವುದಿಲ್ಲ. ನನ್ನ ಮೊದಲ ಕುದುರೆಯನ್ನು ಎಲ್ಲರೂ ನಾಯಿ ಎಂದರು. ಐದನೆಯದನ್ನು ಕುದುರೆ ಎಂದರು. ನೀವೂ ಐದು ಮಾಡಿ ನೋಡಿ.