ಬೆಸುಗೆಯ ಕಾಲು ಶತಮಾನ

ಹೊಸೂರು ರಸ್ತೆಯ ಮೇಲ್ಸೇತುವೆ ಇನ್ನೂ ಎದ್ದಿರದ ಕಾಲದಲ್ಲಿ ಬೆಂಗಳೂರಿನ ತಂತ್ರಾಂಶ ಕಂಪನಿಗಳ ಸಭಾಕೋಣೆಗಳಲ್ಲಿ ಎರಡು ಹೆಸರು ಕೇಳದ ದಿನವಿರಲಿಲ್ಲ: ಎಸ್‌ಒಎ ಮತ್ತು ಬಿಪಿಎಂ. ಮೊದಲನೆಯದು ಉದ್ಯಮದ ಹತ್ತಾರು ತಂತ್ರಾಂಶಗಳನ್ನು ಒಂದಕ್ಕೊಂದು ಒದಗಬಲ್ಲ ಸೇವೆಗಳಾಗಿ ಬಿಡಿಸಿ ಜೋಡಿಸುವ ವಿಧಾನ. ಎರಡನೆಯದು ಆ ಸೇವೆಗಳನ್ನು ಪೋಣಿಸಿ ಒಂದು ಕೆಲಸವನ್ನು ಅರ್ಜಿಯಿಂದ ಆದೇಶದವರೆಗೆ ನಡೆಸಿಕೊಂಡು ಹೋಗುವ ವ್ಯವಸ್ಥೆ. ಇಂದು ಆ ಹೆಸರು ಎತ್ತಿದರೆ ಕೆಲಸಕ್ಕೆ ಹೊಸದಾಗಿ ಸೇರಿದವರು ಸಣ್ಣಗೆ ನಗುತ್ತಾರೆ. ನಗಲಿ. ಅವರ ಸಂಬಳ ಜಮಾ ಆಗುವ ಬ್ಯಾಂಕುಗಳಲ್ಲಿ, ಅವರಿಂದ ಕಂತು ಕಟ್ಟಿಸಿಕೊಳ್ಳುವ ವಿಮಾ ಕಂಪನಿಗಳಲ್ಲಿ ಆ ಕಾಲದ ಬೆಸುಗೆಗಳು ಇವತ್ತಿಗೂ ಭಾರ ಹೊತ್ತು ನಿಂತಿವೆ. ಆಗ ಕೊಟ್ಟ ಮಾತು ಏನು, ಅದರಲ್ಲಿ ಈಡೇರಿದ್ದೆಷ್ಟು, ಉಳಿದದ್ದು ಯಾಕೆ ಉಳಿಯಿತು ಎಂದು ಕೇಳಿಕೊಳ್ಳುವ ಹೊತ್ತು ಇದು.

ಅದಕ್ಕೂ ಹಿಂದಿನ ದಿನಗಳನ್ನು ನೆನೆಯದೆ ಆ ಉತ್ಸಾಹ ಅರ್ಥವಾಗುವುದಿಲ್ಲ. 1992ರಲ್ಲಿ ಜರ್ಮನಿಯ ಎಸ್‌ಎಪಿ ಕಂಪನಿ ಆರ್/3 ಹೊರತಂದಾಗ ಲೆಕ್ಕಪತ್ರ, ದಾಸ್ತಾನು, ಖರೀದಿ, ಸಂಬಳ ಎಲ್ಲವೂ ಒಂದೇ ಸೂರಿನಡಿ ಸಿಗುತ್ತವೆ ಎಂಬುದೇ ಅದರ ಆಕರ್ಷಣೆಯಾಗಿತ್ತು. ಆದರೆ ದೊಡ್ಡ ಕಂಪನಿಗಳು ಹಳೆಯ ಮೇನ್‌ಫ್ರೇಮನ್ನು ಎತ್ತಿಟ್ಟು ಹೊಸದನ್ನು ತರಲಿಲ್ಲ. ಹಳೆಯದರ ಪಕ್ಕದಲ್ಲೇ ಹೊಸದನ್ನು ಕೂರಿಸಿಕೊಂಡವು. ಎರಡರ ನಡುವೆ ರಾತ್ರಿಯ ಬ್ಯಾಚ್. ಹಗಲಿನ ವ್ಯವಹಾರವೆಲ್ಲ ಒಂದು ಫೈಲಾಗಿ ನಡುರಾತ್ರಿ ಒಂದು ಸಿಸ್ಟಮ್ಮಿನಿಂದ ಇನ್ನೊಂದಕ್ಕೆ ಹೋಗುವುದು, ಯಾವುದೋ ಒಂದು ಕಾಲಂ ಸರಿದಿದ್ದರೆ ಬೆಳಗಿನ ಜಾವ ಯಾರದೋ ಮನೆಯ ಫೋನ್ ಹೊಡೆದುಕೊಳ್ಳುವುದು. ಹತ್ತು ಸಿಸ್ಟಮ್ಮುಗಳನ್ನು ಎರಡೆರಡಾಗಿ ನೇರ ಜೋಡಿಸಲು 45 ಕೊಂಡಿ ಬೇಕು, ಇಪ್ಪತ್ತಾದರೆ 190. ಈ ಗಂಟನ್ನು ಬಿಡಿಸಲು 1991ರಲ್ಲಿ ಕೋರ್ಬಾ ಬಂತು, 1993ರಲ್ಲಿ ಐಬಿಎಂನ ಎಂಕ್ಯೂ ಸೀರೀಸ್ ಬಂತು. ಮೊದಲನೆಯದರ ಗದ್ದಲ ಹೆಚ್ಚು, ಬಾಳಿಕೆ ಬಂದದ್ದು ಎರಡನೆಯದು. 1996ರಲ್ಲಿ ಗಾರ್ಟ್‌ನರ್ ಸಂಸ್ಥೆಯ ರಾಯ್ ಶುಲ್ಟ್ ಮತ್ತು ಯೆಫಿಮ್ ನಾಟಿಸ್ ತಮ್ಮ ವರದಿಗಳಲ್ಲಿ ಎಸ್‌ಒಎ ಎಂಬ ಹೆಸರನ್ನು ಬಳಕೆಗೆ ತಂದರು. ಆದರೆ ಆ ಹೆಸರಿಗೆ ಮೈ ಬರಲು ಇನ್ನೂ ಕೆಲವು ವರ್ಷ ಬೇಕಾಯಿತು.

ಮೈ ಕೊಟ್ಟದ್ದು ಮಾಹಿತಿಯನ್ನು ಯಾವ ಸಿಸ್ಟಮ್ಮೂ ಓದುವಂತೆ ಬರೆದಿಡುವ ಎಕ್ಸ್‌ಎಂಎಲ್ ಭಾಷೆ. ಅದು 1998ರಲ್ಲಿ ಮಾನಕವಾಯಿತು. ಸಂದೇಶಕ್ಕೆ ಲಕೋಟೆಯಾಗಿ ಸೋಪ್ 2000ದ ಮೇ ತಿಂಗಳಲ್ಲಿ ವೆಬ್ ಒಕ್ಕೂಟದ ಮುಂದೆ ಬಂತು. ಸೇವೆ ಏನು ಕೇಳುತ್ತದೆ, ಏನು ಕೊಡುತ್ತದೆ ಎಂದು ಬರೆದಿಡುವ ಡಬ್ಲ್ಯುಎಸ್‌ಡಿಎಲ್ ಮರುವರ್ಷ. ಹಾವು ಮುಂಗುಸಿಯಂತಿದ್ದ ಐಬಿಎಂ ಮತ್ತು ಮೈಕ್ರೋಸಾಫ್ಟ್ ಒಂದೇ ಕಾಗದಕ್ಕೆ ಸಹಿ ಹಾಕಿದ್ದು ಆಗಿನ ಮಟ್ಟಿಗೆ ಸಣ್ಣ ಸಂಗತಿಯಲ್ಲ. ವೈ2ಕೆ ಕೆಲಸ ಮುಗಿದು, ಡಾಟ್‌ಕಾಂ ಸಂಭ್ರಮ ಕುಸಿದು, ಮುಂದೇನು ಎಂದು ಕೂತಿದ್ದ ಬೆಂಗಳೂರಿನ ಕಂಪನಿಗಳಿಗೆ ಇದು ಹೊಸ ಬಾಗಿಲು. ಆದರೆ 2000ದ ಸೆಪ್ಟೆಂಬರಿನಲ್ಲಿ ಐಬಿಎಂ, ಮೈಕ್ರೋಸಾಫ್ಟ್, ಅರಿಬಾ ಮೂವರೂ ಸೇರಿ ಘೋಷಿಸಿದ ಯುಡಿಡಿಐ ಇನ್ನೂ ದೊಡ್ಡ ಮಾತನ್ನಾಡಿತ್ತು: ಜಗತ್ತಿನ ಕಂಪನಿಗಳೆಲ್ಲ ತಮ್ಮ ಸೇವೆಗಳನ್ನು ಒಂದು ಸಾರ್ವಜನಿಕ ಪಟ್ಟಿಯಲ್ಲಿ ನಮೂದಿಸುತ್ತವೆ, ಬೇಕಾದವರ ತಂತ್ರಾಂಶ ತಾನೇ ಹುಡುಕಿ, ತಾನೇ ಆರಿಸಿ ವ್ಯವಹಾರ ನಡೆಸುತ್ತದೆ. ವ್ಯಾಪಾರ ನಡೆಯುವುದು ಪರಿಚಯ, ಕರಾರು, ಸಾಲದ ಗಡುವು, ದರದ ಚೌಕಾಸಿಯ ಮೇಲೆ. ಇವಾವುದನ್ನೂ ಆ ಪಟ್ಟಿ ತೀರ್ಮಾನಿಸುವಂತಿರಲಿಲ್ಲ. ಐಬಿಎಂ, ಮೈಕ್ರೋಸಾಫ್ಟ್, ಎಸ್‌ಎಪಿ ನಡೆಸುತ್ತಿದ್ದ ಸಾರ್ವಜನಿಕ ಪಟ್ಟಿಗಳು 2006ರ ಜನವರಿಯಲ್ಲಿ ಮುಚ್ಚಿಕೊಂಡವು. ಅಳುವವರು ಯಾರೂ ಇರಲಿಲ್ಲ.

ಬಿಪಿಎಂನ ಕಥೆ ಇದಕ್ಕಿಂತ ನೋವಿನದು, ಏಕೆಂದರೆ ಅದರ ಆಸೆ ಹೆಚ್ಚು ಮಾನವೀಯವಾಗಿತ್ತು. ಹಳೆಯ ಕೆಲಸದ ಕ್ರಮವನ್ನೇ ಗಣಕಕ್ಕೆ ತುಂಬಬೇಡಿ, ಕ್ರಮವನ್ನೇ ಒಡೆದು ಹೊಸದಾಗಿ ಕಟ್ಟಿ ಎಂದು ಮೈಕೆಲ್ ಹ್ಯಾಮರ್ 1990ರಲ್ಲೇ ಬರೆದಿದ್ದರು. ಆ ಮಾತಿನ ಹೆಸರಿನಲ್ಲಿ ಅಮೆರಿಕದಲ್ಲಿ ಬಹಳ ಮಂದಿ ಕೆಲಸ ಕಳೆದುಕೊಂಡರು. ಹತ್ತು ವರ್ಷದ ಮೇಲೆ ಬಂದ ಬಿಪಿಎಂ ಮೆದು ದನಿಯಲ್ಲಿ ಮಾತಾಡಿತು: ಒಡೆಯುವುದು ಬೇಡ, ಇರುವ ಕ್ರಮವನ್ನು ಚಿತ್ರವಾಗಿ ಬರೆಯಿರಿ, ಚಿತ್ರವೇ ಓಡುತ್ತದೆ, ನಾಳೆ ನಿಯಮ ಬದಲಾದರೆ ಚಿತ್ರ ತಿದ್ದಿದರೆ ಸಾಕು, ಪ್ರೋಗ್ರಾಮರ್ ಬೇಕಿಲ್ಲ. ಐಬಿಎಂನ ಒಂದು ಭಾಷೆಯನ್ನೂ ಮೈಕ್ರೋಸಾಫ್ಟಿನ ಇನ್ನೊಂದನ್ನೂ ಕೂಡಿಸಿ, ಬಿಇಎ ಕಂಪನಿಯನ್ನೂ ಸೇರಿಸಿಕೊಂಡು 2002ರಲ್ಲಿ ಬಿಪೆಲ್ ಹುಟ್ಟಿತು. ಚಿತ್ರ ಬರೆಯುವ ಬಿಪಿಎಂಎನ್ 2004ರಲ್ಲಿ ಬಂತು. ಬಿಪೆಲ್‌ನ ಎರಡನೆಯ ಆವೃತ್ತಿ 2007ರ ಏಪ್ರಿಲ್‌ನಲ್ಲಿ ಅಧಿಕೃತ ಮಾನಕವಾದಾಗ, ಅದರಲ್ಲಿ ಸೇವೆಗಳಿದ್ದವು, ಸಂದೇಶಗಳಿದ್ದವು, ಕಾಯುವಿಕೆಯಿತ್ತು, ತಪ್ಪಾದರೆ ಹಿಂದೆಗೆಯುವ ಕ್ರಮವಿತ್ತು; ಮನುಷ್ಯರಿರಲಿಲ್ಲ. ಸಾಲದ ಅರ್ಜಿಯೊಂದು ವ್ಯವಸ್ಥಾಪಕರ ಮೇಜಿನ ಮೇಲೆ ಮೂರು ದಿನ ಕೂರುತ್ತದೆ, ಅವರು ರಜೆಯಲ್ಲಿದ್ದರೆ ಇನ್ನೊಬ್ಬರಿಗೆ ಹೋಗಬೇಕು, ಅವರು ಫೋನ್ ಮಾಡಿ ವಿಚಾರಿಸಿ ಆಮೇಲೆ ಹೂಂ ಅನ್ನುತ್ತಾರೆ ಎಂಬುದಕ್ಕೆ ಆ ಭಾಷೆಯಲ್ಲಿ ಜಾಗವಿರಲಿಲ್ಲ. ಐಬಿಎಂ ಮತ್ತು ಎಸ್‌ಎಪಿ ಜನರಿಗಾಗಿ ಪ್ರತ್ಯೇಕ ಬಾಲಂಗೋಚಿಯೊಂದನ್ನು 2005ರಲ್ಲೇ ಪ್ರಸ್ತಾಪಿಸಿದ್ದವು. ಅದು ಮೂಲದೊಳಗೆ ಸೇರಲಿಲ್ಲ. ಕಚೇರಿಯ ಕೆಲಸವೆಂದರೆ ಮುಕ್ಕಾಲು ಪಾಲು ಹೀಗೆ ಮೇಜಿನಿಂದ ಮೇಜಿಗೆ ಸಾಗುವುದೇ ಅಲ್ಲವೇ?

ಆದರೂ ಆ ವರ್ಷಗಳ ಒಂದು ಸೊಗಸನ್ನು ಮರೆಯಬಾರದು. ಆ ಚಿತ್ರ ಬರೆಯುವ ನೆಪದಲ್ಲಿ, ಎಂದೂ ಒಟ್ಟಿಗೆ ಕೂರದವರು ಒಟ್ಟಿಗೆ ಕೂತರು. ಮಾರಾಟ ವಿಭಾಗದವರು, ಲೆಕ್ಕಪತ್ರದವರು, ಗೋದಾಮಿನವರು, ನಮ್ಮೂರಿನ ಎಂಜಿನಿಯರುಗಳು ಒಂದೇ ಬಿಳಿಹಲಗೆಯ ಮುಂದೆ ನಿಂತು, ಗ್ರಾಹಕ ಎಂದರೆ ಯಾರು ಎಂದು ಜಗಳವಾಡಿದರು. ಮಾರಾಟದವರಿಗೆ ವಿಚಾರಿಸಿಕೊಂಡು ಹೋದವನೂ ಗ್ರಾಹಕ; ಲೆಕ್ಕದವರಿಗೆ ಬಿಲ್ ಆದವನು ಮಾತ್ರ. ಎಸ್‌ಒಎ ಮಾಡಬೇಕಾಗಿದ್ದ ನಿಜವಾದ ಕೆಲಸ ಈ ಜಗಳವನ್ನು ಇತ್ಯರ್ಥಕ್ಕೆ ತರುವುದೇ ಆಗಿತ್ತು. ಬಹಳ ಕಡೆ ಅದು ಇತ್ಯರ್ಥವಾಗಲಿಲ್ಲ. ಯೋಜನೆಯ ಗಡುವು ಬಂತು, ಎರಡೂ ಅರ್ಥಗಳನ್ನು ಉಳಿಸಿಕೊಂಡು ನಡುವೆ ಒಂದು ಪರಿವರ್ತಕ ಬರೆದು ಕೈತೊಳೆದುಕೊಂಡರು. ಅಂಥ ಪರಿವರ್ತಕಗಳೆಲ್ಲ ಸೇರಿದ ಜಾಗಕ್ಕೆ ಎಂಟರ್‌ಪ್ರೈಸ್ ಸರ್ವಿಸ್ ಬಸ್ ಎಂಬ ಹೆಸರಿತ್ತು. ಕೊಂಡಿಗಳ ಗೋಜಲು ಹೋಯಿತು ಎಂದುಕೊಂಡೆವು. ಅದು ಬಸ್ಸಿನೊಳಗೆ ಹೋಗಿ ಕೂತಿತ್ತು. ಆ ಬಸ್ಸನ್ನು ನೋಡಿಕೊಳ್ಳುವ ತಂಡದ ಮುಂದೆ ಪ್ರತಿ ಸಣ್ಣ ಬದಲಾವಣೆಗೂ ಸರತಿ ನಿಲ್ಲಬೇಕಾಯಿತು. 2008ರಲ್ಲಿ ಒರಾಕಲ್ 850 ಕೋಟಿ ಡಾಲರ್ ಕೊಟ್ಟು ಬಿಇಎ ಕಂಪನಿಯನ್ನು ಕೊಂಡಾಗ ಇಂಥ ಬೆಸುಗೆ ತಂತ್ರಾಂಶಗಳ, ಅಂದರೆ ಮಿಡಲ್‌ವೇರಿನ, ವ್ಯಾಪಾರ ತುತ್ತತುದಿಯಲ್ಲಿತ್ತು. ಅದೇ ವರ್ಷ ಲೇಮನ್ ಬ್ರದರ್ಸ್ ಮುಳುಗಿತು, ಕಂಪನಿಗಳು ಕೈ ಬಿಗಿ ಮಾಡಿದವು. 2009ರ ಜನವರಿಯಲ್ಲಿ ಸಂಶೋಧನಾ ಸಂಸ್ಥೆ ಬರ್ಟನ್ ಗ್ರೂಪಿನ ಆ್ಯನ್ ಥಾಮಸ್ ಮೇನ್ಸ್ ಎಸ್‌ಒಎ ಸತ್ತಿತೆಂದು ಬರೆದರು, ಸೇವೆಗಳು ಬಾಳಲಿ ಎಂದು ಹರಸಿಯೂ ಇದ್ದರು. ಜನ ಮೊದಲರ್ಧವನ್ನಷ್ಟೇ ನೆನಪಿಟ್ಟುಕೊಂಡರು.

ಮುಂದಿನದು ಎಲ್ಲರಿಗೂ ಗೊತ್ತಿರುವುದೇ. ರಾಯ್ ಫೀಲ್ಡಿಂಗ್ 2000ದಲ್ಲಿ ತಮ್ಮ ಪ್ರಬಂಧದಲ್ಲಿ ವಿವರಿಸಿದ್ದ ರೆಸ್ಟ್ ಶೈಲಿ ಸೋಪಿನ ಜಾಗಕ್ಕೆ ಬಂತು. 2014ರಲ್ಲಿ ಜೇಮ್ಸ್ ಲೂಯಿಸ್ ಮತ್ತು ಮಾರ್ಟಿನ್ ಫೌಲರ್, ತಂತ್ರಾಂಶವನ್ನು ಪುಟ್ಟ ಸ್ವತಂತ್ರ ಸೇವೆಗಳಾಗಿ ಕಟ್ಟುವ ಮೈಕ್ರೋಸರ್ವಿಸ್ ಶೈಲಿಯ ಕುರಿತು ಬರೆದ ಲೇಖನ ಹೊಸ ಪೀಳಿಗೆಗೆ ದಾರಿದೀಪವಾಯಿತು. ಬಸ್ಸಿನ ಬುದ್ಧಿಯನ್ನು ತೆಗೆದು ಸೇವೆಗಳೊಳಗೆ ಇಟ್ಟದ್ದು ನಿಜವಾದ ಲಾಭ; ಒಂದು ತಂಡ ಇನ್ನೊಂದರ ಸರತಿಯಲ್ಲಿ ಕಾಯದೆ ಮುಂದುವರಿಯಬಹುದಾಯಿತು. ಆದರೆ ಆ ಬಿಳಿಹಲಗೆಯ ಜಗಳವೂ ಜೊತೆಗೇ ಹೋಯಿತು. ಪ್ರತಿ ತಂಡವೂ ತನ್ನ ಗ್ರಾಹಕನನ್ನು ತಾನೇ ವ್ಯಾಖ್ಯಾನಿಸಿಕೊಂಡಿತು, ಅದಕ್ಕೆ ಸ್ವಾತಂತ್ರ್ಯವೆಂದು ಹೆಸರಿಟ್ಟಿತು.

ನಮ್ಮ ರಾಜ್ಯದ ಅನುಭವ ಈ ಕಥೆಗೆ ಬೇರೊಂದು ಮುಖ ಕೊಡುತ್ತದೆ. ಈ ಹೆಸರುಗಳನ್ನು ಹೆಚ್ಚು ಉಚ್ಚರಿಸದೆಯೂ ಇದೇ ಕೆಲಸವನ್ನು ಇಲ್ಲಿನ ಇಲಾಖೆಗಳು ಮಾಡಬೇಕಾಯಿತು. ಭೂಮಿ ಯೋಜನೆ ಪಹಣಿಗಳನ್ನು ಗಣಕಕ್ಕೆ ಏರಿಸಿದಾಗ ಅದು ಕಂದಾಯ ಇಲಾಖೆಯೊಳಗಿನ ಕ್ರಾಂತಿಯಾಗಿತ್ತು. ನೋಂದಣಿ ಇಲಾಖೆಯ ಕಾವೇರಿ ಬೇರೆಯೇ ತಂತ್ರಾಂಶ. ಸರ್ವೆಯವರ ಮೋಜಿಣಿ ಮತ್ತೊಂದು. ರೈತನೊಬ್ಬ ಜಮೀನಿನ ಒಂದು ಭಾಗ ಮಾರಬೇಕೆಂದರೆ 11ಇ ನಕ್ಷೆ ಒಂದು ಕಡೆ, ಕ್ರಯಪತ್ರ ಇನ್ನೊಂದು ಕಡೆ, ಮ್ಯುಟೇಶನ್ ಮೂರನೆಯ ಕಡೆ. ನೋಂದಣಿಯಾದ ವಿವರ ಜೆ-ಸ್ಲಿಪ್ ಆಗಿ ಉಪನೋಂದಣಾಧಿಕಾರಿಗಳ ಕಚೇರಿಯಿಂದ ಭೂಮಿಗೆ ತಾನಾಗಿ ಹರಿಯುವಂತಾದದ್ದು, ಸರ್ವೆ ನಂಬರು, ಹಿಸ್ಸಾ, ಖಾತೆದಾರನ ಹೆಸರು ಇವುಗಳಿಗೆ ಮೂರೂ ಇಲಾಖೆ ಒಂದೇ ಅರ್ಥವನ್ನು ಒಪ್ಪಿಕೊಳ್ಳಬೇಕಾಗಿ ಬಂದದ್ದರಿಂದ. ಇಲ್ಲಿ ಕಾನೂನಿತ್ತು, ಆದೇಶವಿತ್ತು, ಒಪ್ಪದೆ ಗತ್ಯಂತರವಿರಲಿಲ್ಲ. 2012ರ ಏಪ್ರಿಲ್‌ನಲ್ಲಿ 11 ಇಲಾಖೆಗಳ 151 ಸೇವೆಗಳೊಂದಿಗೆ ರಾಜ್ಯದಾದ್ಯಂತ ಜಾರಿಗೆ ಬಂದ ಸಕಾಲವಂತೂ ನಮ್ಮ ದೃಷ್ಟಿಯಲ್ಲಿ ಬಿಪೆಲ್ ಮರೆತದ್ದನ್ನೇ ಮೊದಲು ಹಿಡಿದುಕೊಂಡಿತು. ಪ್ರತಿ ಸೇವೆಗೂ ಗಡುವು, ಗಡುವಿಗೊಬ್ಬ ಅಧಿಕಾರಿ, ಅವರ ಮೇಲೊಬ್ಬ ಮೇಲ್ಮನವಿ ಅಧಿಕಾರಿ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ. ಮೊತ್ತ ಚಿಕ್ಕದು, ಗಡುವುಗಳ ಪಾಲನೆಯ ಬಗ್ಗೆ ದೂರುಗಳೂ ಉಂಟು. ಆದರೆ ಕಡತ ಯಾರ ಮೇಜಿನ ಮೇಲಿದೆ ಎಂಬ ಪ್ರಶ್ನೆ ಅದರ ವಿನ್ಯಾಸದ ನಡುಮಧ್ಯದಲ್ಲಿತ್ತು.

ಬ್ಯಾಂಕುಗಳ ವಿಲೀನ ಈ ಕಾಲು ಶತಮಾನದ ಅತಿ ಕಠಿಣ ಪರೀಕ್ಷೆ, ಅದರ ಬಿಸಿ ತಟ್ಟಿದ್ದೂ ನಮ್ಮ ಕರಾವಳಿಗೆ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ ಕರಗಿತು. ಮರುವರ್ಷ ಅದೇ ದಿನ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ಕೆನರಾದೊಳಗೆ, ಉಡುಪಿಯದೇ ಆದ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ. ಯಾವುದನ್ನು ಯಾವುದರೊಡನೆ ಸೇರಿಸಬೇಕು ಎಂಬುದಕ್ಕೆ ಸರ್ಕಾರ ಕೊಟ್ಟ ಕಾರಣಗಳಲ್ಲಿ ಒಂದು, ಎರಡೂ ಕಡೆ ಕೋರ್ ಬ್ಯಾಂಕಿಂಗ್ ತಂತ್ರಾಂಶ ಒಂದೇ ಎಂಬುದು. ಬರೋಡ, ವಿಜಯ ಎರಡರಲ್ಲೂ ಫಿನಾಕಲ್. ಯೂನಿಯನ್, ಕಾರ್ಪೊರೇಷನ್ ಎರಡರಲ್ಲೂ ಅದೇ. ಕೆನರಾ, ಸಿಂಡಿಕೇಟ್ ಎರಡರಲ್ಲೂ ಐ-ಫ್ಲೆಕ್ಸ್. ಬೇರೆಬೇರೆಯಾಗಿದ್ದುಕೊಂಡೇ ಕೂಡಿ ನಡೆಯಬಹುದು ಎಂಬುದು ಎಸ್‌ಒಎ ಕೊಟ್ಟ ಮೂಲ ಮಾತು. ಇಪ್ಪತ್ತು ವರ್ಷ ಕಳೆದ ಮೇಲೆ, ಕೋಟ್ಯಂತರ ಖಾತೆಗಳನ್ನು ಕೂಡಿಸುವ ಹೊತ್ತಿನಲ್ಲಿ, ದೇಶ ಆ ಮಾತನ್ನು ನೆಚ್ಚಿಕೊಳ್ಳಲಿಲ್ಲ. ಒಂದೇ ಆಗಿರುವುದನ್ನು ಹುಡುಕಿಕೊಂಡಿತು. ತಂತ್ರಾಂಶ ಒಂದೇ ಆದ ಮಾತ್ರಕ್ಕೆ ಕೆಲಸ ಸಲೀಸಾಗಲೂ ಇಲ್ಲ. 1928ರಿಂದ ಮನೆಮನೆಗೆ ಬಂದು ಪಿಗ್ಮಿ ಕಟ್ಟಿಸಿಕೊಂಡ ಸಿಂಡಿಕೇಟಿಗೂ ಕೆನರಾಕ್ಕೂ ಒಂದೇ ತಂತ್ರಾಂಶದೊಳಗೆ ಪದ್ಧತಿಗಳು ಬೇರೆ. ಸಿಂಡಿಕೇಟಿನ ಐಎಫ್‌ಎಸ್‌ಸಿ ಕೋಡುಗಳು 2021ರ ಜೂನ್ 30ರವರೆಗೂ ನಡೆದವು.

ಈಡೇರಿದ ಮಾತುಗಳೂ ಇವೆ, ಅವು ಸಣ್ಣವಲ್ಲ. 2016ರಲ್ಲಿ ಶುರುವಾದ ಯುಪಿಐನ ಹೊಟ್ಟೆಯಲ್ಲಿ ಓಡುವುದು ಸಹಿ ಮಾಡಿದ ಎಕ್ಸ್‌ಎಂಎಲ್ ಸಂದೇಶಗಳೇ. ತಿಂಗಳ ವಹಿವಾಟು 2023ರ ಆಗಸ್ಟ್‌ನಲ್ಲಿ ಸಾವಿರ ಕೋಟಿ ಸಂಖ್ಯೆಯನ್ನು ದಾಟಿತು. ಒಬ್ಬರನ್ನೊಬ್ಬರು ನಂಬದ ಬ್ಯಾಂಕುಗಳು ಒಂದೇ ಕರಾರಿಗೆ ತಲೆಬಾಗಿದ್ದು ನಡುವೆ ಒಂದು ನಿಯಮ ಮಂಡಳಿ ಇದ್ದುದರಿಂದ. ಇ-ಇನ್‌ವಾಯ್ಸ್ ಕೂಡ ಹಾಗೆಯೇ. 2020ರ ಅಕ್ಟೋಬರಿನಲ್ಲಿ 500 ಕೋಟಿಗೂ ಹೆಚ್ಚು ವಹಿವಾಟಿನ ಕಂಪನಿಗಳಿಂದ ಶುರುವಾಗಿ, 2023ರ ಆಗಸ್ಟ್ ಹೊತ್ತಿಗೆ 5 ಕೋಟಿಯವರೆಗೆ ಇಳಿದು ಬಂತು. ಪೀಣ್ಯದ ಸಣ್ಣ ಕಾರ್ಖಾನೆಯ ಬಿಲ್ಲು ಈಗ ಸರ್ಕಾರದ ಪೋರ್ಟಲಿನಿಂದ ಗುರುತು ಸಂಖ್ಯೆ ಪಡೆದು ಬರುತ್ತದೆ. ಎಲ್ಲ ಕಂಪನಿಗೂ ಒಂದೇ ನಮೂನೆಯ ಬಿಲ್ಲು ಎಂಬ ಯುಡಿಡಿಐ ಕಾಲದ ಕನಸು ಮಾರುಕಟ್ಟೆಯ ಒಲವಿನಿಂದ ಕೈಗೂಡಲಿಲ್ಲ, ತೆರಿಗೆ ಕಾಯ್ದೆಯಿಂದ ಕೈಗೂಡಿತು. ಇದರಲ್ಲಿ ಸಂತೋಷಪಡುವವರೊಂದಿಗೆ ನಾವೂ ಇದ್ದೇವೆ, ಒಂದಿಷ್ಟು ಅಳುಕಿನೊಂದಿಗೆ; ಆದೇಶ ಹೊರಡಿಸುವವರು ಯಾರೂ ಇಲ್ಲದ ಕಡೆ, ಅಂದರೆ ಒಂದೇ ಕಂಪನಿಯ ಎರಡು ವಿಭಾಗಗಳ ನಡುವೆ, ಇಂಥ ಒಮ್ಮತ ಇನ್ನೂ ಅಪರೂಪವೇ.

ಈಗ ಕೃತಕ ಬುದ್ಧಿಮತ್ತೆಯ ಏಜೆಂಟುಗಳ ಸರದಿ. ಸೇವೆಯನ್ನು ತಾನೇ ಹುಡುಕಿಕೊಳ್ಳುತ್ತದೆ, ಕೆಲಸದ ಕ್ರಮವನ್ನು ತಾನೇ ಹೆಣೆಯುತ್ತದೆ, ಚಿತ್ರವನ್ನೂ ಬರೆಯಬೇಕಿಲ್ಲ ಎಂಬ ಮಾತು 2000ದ ಸೆಪ್ಟೆಂಬರನ್ನು ಕಂಡವರಿಗೆ ಹೊಸದಲ್ಲ. ಈ ಸಲ ಯಂತ್ರಕ್ಕೆ ನಿಜಕ್ಕೂ ಬಲವಿದೆ ಎಂಬುದನ್ನು ಒಪ್ಪೋಣ. ಅದರ ಭರದಲ್ಲಿ ಹಳೆಯ ಬಿಪೆಲ್ ಹರಿವುಗಳನ್ನು ಕಿತ್ತು ಹೊಸ ವೇದಿಕೆಗೆ ಸಾಗಿಸುವ ಯೋಜನೆಗಳು ಒಂದೊಂದಾಗಿ ಹೊರಡುತ್ತಿವೆ. ಆ ಹರಿವಿನೊಳಗೆ ಯಾವ ಅರ್ಜಿಗೆ ಯಾಕೆ ಎರಡನೆಯ ಸಹಿ ಬೇಕಿತ್ತು, ಯಾವ ಗ್ರಾಹಕನನ್ನು ಯಾಕೆ ಬೇರೆ ದಾರಿಗೆ ಕಳಿಸುತ್ತಿದ್ದರು ಎಂಬುದು ಕೋಡಿನಲ್ಲಿ ಇದೆ, ಅದರ ಕಾರಣ ಇಲ್ಲ. ಕಾರಣ ಬಲ್ಲವರು ಅಂದು ಬಿಳಿಹಲಗೆಯ ಮುಂದೆ ನಿಂತವರು; ಶಾಖೆಗಳಲ್ಲಿ, ಲೆಕ್ಕಪತ್ರ ವಿಭಾಗಗಳಲ್ಲಿ ಅವರೆಲ್ಲ ನಿವೃತ್ತಿಯ ಅಂಚಿನಲ್ಲಿದ್ದಾರೆ. ಅವರನ್ನು ಕೂರಿಸಿಕೊಂಡು ಕೇಳಿ ಬರೆದಿಡುವ ಕೆಲಸಕ್ಕೆ ಯಾವ ಯೋಜನೆಯ ಬಜೆಟ್ಟಿನಲ್ಲೂ ಹಣ ತೆಗೆದಿರಿಸಿದ್ದನ್ನು ನಾವು ಕಂಡಿಲ್ಲ.