ನೀರಿಗೆ ಆಮ್ಲವೋ, ಆಮ್ಲಕ್ಕೆ ನೀರೋ?



ಗುರುಗುಂಟಾ ಕಡೆಯ ಒಂದು ಶಾಲೆಯಲ್ಲಿ ನಾನೇ ಮಾಡಿದ ತಪ್ಪನ್ನು ಮೊದಲು ಹೇಳುತ್ತೇನೆ. 6ನೇ ತರಗತಿಯಲ್ಲಿ ತೇಲುವ–ಮುಳುಗುವ ಚಟುವಟಿಕೆ. ಎರಡು ಲೋಟ ನೀರು, ಉಪ್ಪು, ಆಲೂಗಡ್ಡೆಯ ಎರಡು ತುಂಡು. ಒಂದು ಲೋಟಕ್ಕೆ ಮಾತ್ರ ಉಪ್ಪು ಹಾಕಬೇಕು. ಜೊತೆಗೆ ಇಂಗ್ಲಿಷನ್ನೂ ಕಲಿಸಿದಂತಾಗಲಿ ಎಂದು ಎಲ್ಲ ಸೂಚನೆಗಳನ್ನೂ ಒಂದೇ ಉಸಿರಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದೆ. ಅರ್ಥವಾಯಿತೇ ಎಂದು ಕೇಳಿದೆ. "ಎಸ್ ಸರ್" ಎಂದು ಇಡೀ ತರಗತಿ ಕೂಗಿತು.

ಆಮೇಲೆ ನೋಡಿದರೆ ಒಬ್ಬ ಬಾಲಕಿ ಎರಡೂ ಲೋಟಕ್ಕೆ ಉಪ್ಪು ಹಾಕಿ ಕುಳಿತಿದ್ದಳು. ಇವಳಿಗೆ ವಿಜ್ಞಾನ ತಲೆಗೆ ಹತ್ತುವುದಿಲ್ಲ ಎಂದುಕೊಂಡೆ. ಕನ್ನಡದಲ್ಲಿ ಕೇಳಿದಾಗ ಅವಳು, "ಉಪ್ಪು ಹಾಕಿದ್ರ ನೀರು ಭಾರ ಆಗ್ತದ್ರೀ ಸರ್, ಅದಕ್ಕ ಆಲೂಗಡ್ಡಿ ತೇಲ್ತದ. ಯಾವ ಲೋಟಕ್ಕ ಹಾಕಂದ್ರಿ ಅನ್ನೋದು ತಿಳೀಲಿಲ್ರೀ" ಎಂದಳು. ಸಾಂದ್ರತೆ ಅವಳಿಗೆ ತಿಳಿದಿತ್ತು. ತಿಳಿಯದೆ ಹೋದದ್ದು ನನ್ನ ಸೂಚನೆ!

ನಮ್ಮ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007–08ರಿಂದ 1ನೇ ತರಗತಿಯಲ್ಲೇ ಇಂಗ್ಲಿಷ್ ಕಲಿಕೆ ಆರಂಭವಾಯಿತು. 2019–20ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳೂ ಬಂದವು. ನಮ್ಮ ಭಾಗದಲ್ಲಿ ಮನೆಯಲ್ಲಿ ಉರ್ದು, ತೆಲುಗು, ಲಂಬಾಣಿ ಆಡುವ ಮಕ್ಕಳೂ ಇದ್ದಾರೆ. ಅವರಿಗೆ ಇಂಗ್ಲಿಷ್ ಮೂರನೆಯ ಭಾಷೆ. ಹೀಗಿರುವಾಗ ಸೂಚನೆ ತಿಳಿಯದ ಮಗುವನ್ನು ದಡ್ಡ ಎನ್ನುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಒಂದು ವಾಕ್ಯಕ್ಕೆ ಒಂದೇ ಕೆಲಸ ಇರಬೇಕು. ಹೇಳುವವರು ಮೊದಲು ಮಾಡಿ ತೋರಿಸಬೇಕು. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಆಷರ್ 1960ರ ದಶಕದಲ್ಲೇ ಇದನ್ನು ಒಂದು ಬೋಧನಾ ವಿಧಾನವಾಗಿ ರೂಪಿಸಿದರು. ಕಲಿಯುವವರು ಆಜ್ಞೆ ಕೇಳಿ ಎದ್ದು, ನಡೆದು, ಮುಟ್ಟಿ ಮಾಡುತ್ತಾರೆ, ಮಾತನಾಡುವುದು ಆಮೇಲೆ.

ನೀವೂ ಮಾಡಿ ನೋಡಿ. ಮೇಜಿನ ಮೇಲೆ ಒಂದು ಕಲ್ಲು, ಒಂದು ಪುಸ್ತಕ ಇಡಿ. ಒಬ್ಬರು "ಪುಟ್ ದ ಸ್ಟೋನ್ ಆನ್ ದ ಬುಕ್" ಎನ್ನಲಿ, ಇನ್ನೊಬ್ಬರು ಮಾಡಲಿ. ಆಮೇಲೆ "ಪುಟ್ ದ ಬುಕ್ ಆನ್ ದ ಸ್ಟೋನ್" ಎನ್ನಲಿ. ಪದಗಳು ಅವೇ, ಆದರೆ ಕಲ್ಲು ಕೆಳಗೆ ಹೋಯಿತು! ಕನ್ನಡದಲ್ಲಿ "ನೀರಿಗೆ ಆಮ್ಲ ಹಾಕು" ಎಂದರೂ "ಆಮ್ಲವನ್ನು ನೀರಿಗೆ ಹಾಕು" ಎಂದರೂ ಒಂದೇ. 'ಗೆ' ಎಂಬ ಪ್ರತ್ಯಯ ನೀರಿನ ಬೆನ್ನಿಗೇ ಅಂಟಿಕೊಂಡಿರುತ್ತದೆ. ಇಂಗ್ಲಿಷಿನಲ್ಲಿ ಪದದ ಜಾಗ ಬದಲಾದರೆ ಅರ್ಥವೇ ಬದಲಾಗುತ್ತದೆ.

ಇದು ಬರೀ ವ್ಯಾಕರಣದ ಮಾತೆಂದುಕೊಳ್ಳಬೇಡಿ. "ಆ್ಯಡ್ ಆ್ಯಸಿಡ್ ಟು ವಾಟರ್" ಎಂಬುದು ಪ್ರಯೋಗಾಲಯದ ನಿಯಮ. ಅದನ್ನೇ ಹಿಂದುಮುಂದಾಗಿ ತಿಳಿದು ಗಾಢ ಸಲ್ಫ್ಯೂರಿಕ್ ಆಮ್ಲಕ್ಕೆ ನೀರು ಸುರಿದರೆ, ಹಗುರವಾದ ನೀರು ಆಮ್ಲದ ಮೇಲೆಯೇ ನಿಲ್ಲುತ್ತದೆ. ಅಲ್ಲಿ ಹುಟ್ಟುವ ಶಾಖಕ್ಕೆ ನೀರು ಕುದಿದು ಆಮ್ಲ ಮುಖಕ್ಕೇ ಸಿಡಿಯಬಹುದು. (ಇದನ್ನು ನೀವು ಎಂದೂ ಮಾಡಬಾರದು.) ಅರ್ಥವಾಗದೆ ಕೂಗಿದ "ಎಸ್ ಸರ್" ಅಲ್ಲಿ ಕಣ್ಣಿಗೇ ಅಪಾಯ ತರುತ್ತದೆ. ಆದ್ದರಿಂದ ತಿಳಿಯದಿದ್ದರೆ ಕೈ ಎತ್ತಿ "ಇನ್ನೊಮ್ಮೆ ಹೇಳಿ ಸರ್" ಎನ್ನಿ. ಕೇಳಲು ನಾಚಿಕೆ ಬೇಡ.

ಆಲೂಗಡ್ಡೆಯ ಚಟುವಟಿಕೆಗೆ ನೀವೇ ಇಂಗ್ಲಿಷಿನಲ್ಲಿ ಐದು ಪುಟ್ಟ ಸೂಚನೆ ಬರೆದು ಬೇರೆ ತರಗತಿಯ ಗೆಳೆಯರಿಗೆ ಕೊಡಿ. ಅವರು ಬರೆದಷ್ಟನ್ನೇ ಮಾಡಲಿ, ನೀವು ಬಾಯಿ ಬಿಡಬೇಡಿ. ಎಷ್ಟು ಚಮಚ ಉಪ್ಪು ಎಂಬುದನ್ನು ಬರೆಯಲು ಮರೆಯಬೇಡಿ. ಒಂದು ಲೋಟಕ್ಕೆ ನಾಲ್ಕೈದು ಚಮಚವಾದರೂ ಬೇಕಾಗುತ್ತದೆ.